ಸೆಳೆತ ಕಳೆದುಕೊಂಡ ಅಯಸ್ಕಾಂತ

1956ರಲ್ಲಿ ನಾನು ಬೆಟಗೇರಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಾರಕ್ಕೊಂದು ತಾಸು ಪ್ರಯೋಗಕ್ಕೆಂದು ಸಿಕ್ಕಿತ್ತು. ಹುಡುಗಿಯರು ಆ ತಾಸಿನಲ್ಲಿ ಕೈಯಿಂದ ತಿರುಗಿಸುವ ಡೈನಮೊ ಕಟ್ಟುತ್ತಿದ್ದರು. ಅದರಿಂದ ಒಂದು ಟಾರ್ಚ್ ಬಲ್ಬ್ ಹತ್ತಿಸಿ ತೋರಿಸದಿದ್ದರೆ ಆ ತಾಸು ಹೊಲಿಗೆಗೆ ಹೋಗುತ್ತದೆ ಎಂದು ಮುಖ್ಯಾಧ್ಯಾಪಕರು ಹೇಳಿಬಿಟ್ಟಿದ್ದರು.

ಬೇಕಾಗಿದ್ದುದು ಬಲವಾದ ಅಯಸ್ಕಾಂತ. ಗದಗಿನ ಅಂಗಡಿಯಲ್ಲಿ ಸಿಕ್ಕಿದ್ದು ನಾಲ್ಕು ಗುಂಡುಸೂಜಿ ಎತ್ತಿ ಸುಸ್ತಾಗುತ್ತಿತ್ತು. ಮುಂಬೈಯಿಂದ ತರಿಸುವಷ್ಟು ಅನುದಾನವಿರಲಿಲ್ಲ. ಕಚೇರಿಗೆ ಕಳಿಸಿದ ಬೇಡಿಕೆಯ ಪಟ್ಟಿ, ಏಕೀಕರಣವಾಗಿ ರಾಜ್ಯ ಬದಲಾಗಿದೆ, ಹೊಸ ನಮೂನೆಯಲ್ಲಿ ಬರೆಯಿರಿ ಎಂಬ ಷರಾದೊಂದಿಗೆ ತಿರುಗಿ ಬಂತು. ಎರಡನೆಯ ಸಲವೂ ಬಂತು.

ಹಳೆಯ ಲಾರಿಗಳ ಮ್ಯಾಗ್ನೆಟೊದಲ್ಲಿ, ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಯಂತ್ರದಲ್ಲಿ, ಲಾಳದಾಕಾರದ ಒಳ್ಳೆಯ ಅಯಸ್ಕಾಂತವಿರುತ್ತದೆ. ಮುಂಡರಗಿಯಲ್ಲಿ ಲಾರಿ ದುರಸ್ತಿ ಮಾಡುವ ಫಕೀರಪ್ಪ ಮಿಸ್ತ್ರಿಯ ಬಳಿ ಅಂಥದೊಂದು ಬಿದ್ದಿದೆ ಎಂದು ತಿಳಿಯಿತು. ಪರಿಚಯವಿಲ್ಲದವರೊಡನೆ ಹೆಚ್ಚು ಮಾತು ಬೇಡವೆಂದು ಬಸ್ ಕಂಡಕ್ಟರ್ ಕೈಯಲ್ಲಿ ಒಂದೇ ಸಾಲಿನ ಚೀಟಿ ಕೊಟ್ಟು ಕಳಿಸಿದೆ. ಮೂರು ದಿನಕ್ಕೆ ಅಯಸ್ಕಾಂತ ಬಂತು, ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು. ಗುಂಡುಸೂಜಿಯ ಬಳಿ ಹಿಡಿದೆ. ಸೂಜಿ ಅಲುಗಲಿಲ್ಲ.

ಭಾನುವಾರ ಸಿಟ್ಟಿನಿಂದಲೇ ಮುಂಡರಗಿಗೆ ಹೋದೆ.

"ಏನ್ ಮಾಡಿದ್ರಿ ಇದಕ್ಕ?"

"ಕುಲುಮ್ಯಾಗ ಕೆಂಪಗ ಕಾಸಿ ಜಿಡ್ಡು ಸುಟ್ಟೇನ್ರಿ ಅಕ್ಕಾರ. ಸಾಲಿ ಕಲಿಸೂ ಕೈಗೆ ಹೊಲಸ ಕೊಡಾಕ ಆಕ್ಕೈತೇನ್ರಿ?"

"ಕಾಸಿದ್ರ ಸೆಳೆತಾನ ಹೋಗತೈತಿ!"

"ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ? ಜಗ್ಗೂ ಕೆಲಸಕ್ಕ ಬೇಕಂತ ನೀವ ಹೇಳಬೇಕಿತ್ತು. ಮೇಜಿನ ಮ್ಯಾಲಿನ ಕಾಗದ ಹಾರದಂಗ ಇಡಾಕ ಒಯ್ದಾರ ಅಂದ್ಕೊಂಡೆ."

ಮೊಳೆಗೆ ಸಿಕ್ಕಿಸಿದ್ದ ನನ್ನ ಚೀಟಿಯನ್ನು ತಂದು ತೋರಿಸಿದ: "ಹಳೆಯ ಅಯಸ್ಕಾಂತವನ್ನು ಚೆನ್ನಾಗಿ ಸ್ವಚ್ಛ ಮಾಡಿ ಕಳುಹಿಸಿ." ನನ್ನದೇ ದುಂಡಕ್ಷರ. ಡೈನಮೊ, ಬಲ್ಬ್, ಹೊಲಿಗೆ, ಎಲ್ಲವನ್ನೂ ಆಗ ಹೇಳಿದೆ.

"ಇದನ್ನ ಮೊದಲ ಹೇಳಾಕ ಏನಾಗಿತ್ರಿ ನಿಮಗ?" ಎಂದು ಬೈದವನೇ ಉಕ್ಕನ್ನು ಮತ್ತೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಗಟ್ಟಿಗೊಳಿಸಿದ. ನಾನು ಅದಕ್ಕೆ ತಾಮ್ರದ ತಂತಿ ಸುತ್ತಿದೆ. ಲಾರಿಯ ಬ್ಯಾಟರಿಯಿಂದ ಒಂದೊಂದು ಕ್ಷಣ ಮಾತ್ರ ವಿದ್ಯುತ್ ಹರಿಸಿದೆವು. ಐದನೆಯ ಸಲಕ್ಕೆ ನಟ್ಟು ಬಿಚ್ಚುವ ಅವನ ಪಾನಾ ಹೋಗಿ ಅದಕ್ಕೆ ಅಂಟಿಕೊಂಡಿತು. ಕಿತ್ತುಕೊಳ್ಳಲು ಇಬ್ಬರೂ ಎಳೆಯಬೇಕಾಯಿತು.

ಮುಂದಿನ ವಾರ ಬಲ್ಬ್ ಹತ್ತಿತು, ಮಂದವಾಗಿ. "ಇದಕ್ಕ ಬೆಳಕಂತಾರೇನು?" ಎಂದರು ಮುಖ್ಯಾಧ್ಯಾಪಕರು. "ಜೋರಾಗಿ ತಿರುವ್ರಿ ಸರ್, ಕಾಣತೈತಿ" ಎಂದಳೊಬ್ಬ ಹುಡುಗಿ. ಅವರು ಕೋಟು ಬಿಚ್ಚಿಟ್ಟು ಬೆವರುವವರೆಗೆ ತಿರುಗಿಸಿದರು. ಹೊಲಿಗೆಯ ಮಾತು ಮತ್ತೆ ಎತ್ತಲಿಲ್ಲ.

ಪಾಠದಲ್ಲಿ ಏನನ್ನೂ ಅರ್ಧ ಬಿಟ್ಟವಳಲ್ಲ ನಾನು. ಆದರೆ ತರಗತಿಯ ಹೊರಗೆ ಬೇಕಾದುದನ್ನಷ್ಟೇ ಕೇಳಿ ಕಾರಣವನ್ನು ನನ್ನಲ್ಲೇ ಇಟ್ಟುಕೊಳ್ಳುವುದು ಸಭ್ಯತೆ ಎಂದುಕೊಂಡಿದ್ದೆ. ಇನ್ನೊಬ್ಬರ ಕೈಯ ಕೆಲಸ ಬೇಕಾದಾಗ ಅದು ಏತಕ್ಕೆಂದು ಹೇಳಬೇಕು. ಇದನ್ನು ನನಗೆ ಯೂನಿವರ್ಸಿಟಿ ಕಲಿಸಿರಲಿಲ್ಲ.