ಟ್ಯಾಲೋ ಸ್ಲಿಪ್‌ನ ಚೆಕ್ಕುಬಂದಿ

ಅಟ್ರಾಕ್ಟಾ ಲಾಹಿಫ್ ಮೊದಲ ಸಲ ನಮ್ಮ ದಾಖಲೆ ಕೋಣೆಗೆ ಬಂದಾಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಮೂವತ್ತು ವರ್ಷ ನಮ್ಮ ಕಿಲ್ಕೆನಿ ಊರಲ್ಲೂ ಸುತ್ತಲ ಹಳ್ಳಿಗಳಲ್ಲೂ ಅಂಚೆ ಹಂಚಿ ನಿವೃತ್ತಳಾದ ಹೆಂಗಸು, ಒದ್ದೆ ಕೋಟು ಕೂಡ ಬಿಚ್ಚದೆ, ಆರುನೂರು ವರ್ಷ ಹಳೆಯ ಕ್ರಯಪತ್ರಗಳನ್ನು ಕೊಡು ಎಂದರೆ ಯಾರು ತಾನೇ ನಗುವುದಿಲ್ಲ?

ಕಾರಣ ಟ್ಯಾಲೋ ಸ್ಲಿಪ್. ಹೈ ಸ್ಟ್ರೀಟಿನಿಂದ ನೋರ್ ನದಿಯ ಕಡೆಗೆ ಮೆಟ್ಟಿಲಿಳಿಯುವ ಇಕ್ಕಟ್ಟು ಓಣಿ. ಹೊಸ ಹೋಟೆಲಿನವನು ಓಣಿ ತನ್ನದೆಂದು ಮೇಲ್ತುದಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದ. ಕೆಳತುದಿಯ ಮನೆಯಲ್ಲಿದ್ದವಳು ಎಂಬತ್ತಾರು ವರ್ಷದ ಬ್ರಿಡಿ ಡೆಲಹಂಟಿ. ಬ್ರೆಡ್ಡಿಗೂ ಚರ್ಚಿಗೂ ಅವಳೀಗ ನದಿದಂಡೆ ಬಳಸಿ ಮುಕ್ಕಾಲು ಮೈಲಿ ನಡೆಯಬೇಕಿತ್ತು, ಕಾಲು ಸಾಗುತ್ತಿರಲಿಲ್ಲ. ಓಣಿ ತೆರೆಯದಿದ್ದರೆ ವೃದ್ಧಾಶ್ರಮವೇ ಗತಿ. ಅವಳ ಪರವಾಗಿ ಅಟ್ರಾಕ್ಟಾ ಕೋರ್ಟಿಗೆ ಹಾಕಿದ್ದ ತಕರಾರಿನ ವಿಚಾರಣೆಗೆ ಏಳು ವಾರ ಉಳಿದಿತ್ತು.

"ಲಾರ್ಕನ್, ಆ ಓಣಿ ಊರಿಂದು ಅಂತ ತೋರಿಸ್ಬೇಕು. ಕ್ರಯಪತ್ರದ ಪೆಟ್ಟಿಗೆ ತೆಗಿ," ಎಂದು ನನಗೆ ಹೇಳಿದಳು.

"ಅದೆಲ್ಲ ಲ್ಯಾಟಿನ್. ಬರುತ್ತಾ ನಿಮ್ಗೆ?"

"ಡಾಕ್ಟರುಗಳ ಕೈಬರಹ ಓದಿ ಮನೆ ಮುಟ್ಟಿಸಿದೀನಿ ಕಣೋ. ಇದೇನು ಮಹಾ?"

ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾಲ್ಕು ವಾರ ಓಣಿಯ ಹೆಸರನ್ನೇ ಹುಡುಕಿದಳು. ಸಿಗಲಿಲ್ಲ. ಆ ಕಾಲದ ಗುಮಾಸ್ತರು ನಮ್ಮ ಪೆಟ್ಟಿಗೆಯ ಯಾವ ಕಾಗದದಲ್ಲೂ ಓಣಿಗೆ ಹೆಸರು ಬರೆದಿರಲಿಲ್ಲ. ಬಿಟ್ಟುಬಿಡಿ ಎಂದೆ. ಅವಳು ಒಂದು ಪತ್ರವನ್ನು ನನ್ನ ಕಡೆ ತಳ್ಳಿದಳು.

"ಹಾಗಾದ್ರೆ ಇಲ್ಲೇನಿದೆ, ಓದು."

"ದಕ್ಷಿಣಕ್ಕೆ ಚಮ್ಮಾರ ಹ್ಯೂ, ಉತ್ತರಕ್ಕೆ ನೇಕಾರ ವಾಲ್ಟರ್... ಬರೀ ಚೆಕ್ಕುಬಂದಿ."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ಎಂಥಾ ದಡ್ಡಿ ನಾನು! ಹಳ್ಳೀಲಿ ಯಾವ ಮನೆಗೆ ನಂಬರಿತ್ತು? ಒಂದೇ ರಸ್ತೇಲಿ ನಾಲ್ಕು ಜನ ಬ್ರೆನನ್‌ಗಳು. ಪಕ್ಕದ್ಮನೆ ಯಾರ್ದು ಅಂತ ಗೊತ್ತಿದ್ರೆ ಕಾಗದ ಸೇರುತ್ತೆ ಕಣೋ!"

ಅವತ್ತಿನಿಂದ ಹೆಸರು ಬಿಟ್ಟು ನೆರೆಹೊರೆ ಹಿಡಿದಳು. ಪತ್ರಕ್ಕೊಂದು ಚೀಟಿ, ಚೀಟಿಯಲ್ಲಿ ಎಡಕ್ಕೆ ಯಾರು, ಬಲಕ್ಕೆ ಯಾರು. ಚರ್ಚಿನ ಗೋಡೆಯಿಂದ ಶುರುಮಾಡಿ ಮನೆಮನೆಯನ್ನೂ ನನ್ನ ಉದ್ದ ಮೇಜಿನ ಮೇಲೆ ಜೋಡಿಸುತ್ತ ಬಂದಳು. ಒಬ್ಬ ರೊಟ್ಟಿಯವನನ್ನು ತಪ್ಪಾಗಿ ಬೀದಿಯ ಆಚೆ ಬದಿಗೆ ಕೂರಿಸಿ ಎರಡು ದಿನ ಹಾಳಾಯಿತು. ಅವನನ್ನು ಬಾಯಿಗೆ ಬಂದಂತೆ ಬೈದು, ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸಿದಳು. ಆರನೆಯ ವಾರ ಎರಡು ಚೀಟಿಗಳ ನಡುವೆ ಒಂದು ಸಂದು ಉಳಿಯಿತು. ಥಾಮಸ್ ಎಂಬವನ ಪತ್ರದಲ್ಲಿ ಉತ್ತರಕ್ಕೆ, ಆಲಿಸ್ ಎಂಬ ವಿಧವೆಯ ಪತ್ರದಲ್ಲಿ ದಕ್ಷಿಣಕ್ಕೆ, ಅದೇ ಮಾತು: ನದಿಗೆ ಹೋಗುವ, ಎಲ್ಲರೂ ಬಳಸುವ ಓಣಿ. ಪತ್ರಗಳಲ್ಲಿದ್ದ ಅಳತೆಗಳನ್ನು ಕೂಡಿಸಿ ಬೀದಿಗಿಳಿದೆವು. ಟೇಪು ಹಿಡಿದವನು ನಾನೇ. ಲೆಕ್ಕ ಸರಿಯಾಗಿ ಹೋಟೆಲಿನ ಗೇಟಿಗೇ ಬಂದು ನಿಂತಿತು.

ವಿಚಾರಣೆಯ ದಿನ ಹೋಟೆಲಿನ ವಕೀಲ ಚೀಟಿಗಳನ್ನು ನೋಡಿ ನಕ್ಕ. "ಓಣಿಗೆ ಹೆಸರೇ ಇಲ್ವಲ್ಲ ಮೇಡಂ! ಯಾರ್ದು ಅಂತೀರಿ? ಥಾಮಸಂದೋ, ಆಲಿಸಳದೋ?"

"ಇಬ್ರೂ ತಮ್ಮ ಜಾಗ ಓಣಿ ಅಂಚಿಗೇ ಮುಗೀತು ಅಂತ ಬರ್ಸಿದಾರೆ. ನಂದು ಅಂತ ಇಬ್ರೂ ಅನ್ಲಿಲ್ಲ. ನಿಮ್ಮೋರು ಯಾರಿಂದ ಕೊಂಡ್ರು ಸ್ವಾಮಿ?"

ವಕೀಲ ಕಡತ ತಿರುವಿದ, ತಿರುವುತ್ತಲೇ ಇದ್ದ. ನನಗಂತೂ ಎದ್ದು ಕುಣಿಯುವಷ್ಟು ಖುಷಿಯಾಯಿತು. ಓಣಿ ಎಲ್ಲರದೆಂದು ತೀರ್ಪಾಯಿತು.

ಸೋಮವಾರ ಬೆಳಿಗ್ಗೆ ಗೇಟು ಕಿತ್ತರು. ಬ್ರಿಡಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ಆಸರೆ ಕೊಡಲು ಮುಂದಾದ ನನ್ನನ್ನು ಅಟ್ರಾಕ್ಟಾ ತೋಳು ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ಬ್ರಿಡಿ ಮೇಲೆ ಬಂದು, ಉಸಿರು ಬಿಟ್ಟು, ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದಳು.

"ಏನ್ರೋ, ದಾರಿಗಡ್ಡ ನಿಂತಿದೀರಾ? ಸರೀರಿ ಆಚೆ!"

ನಾವು ಸರಿದೆವು.