ಒಣದ್ರಾಕ್ಷಿ ಹಿಂಡುತ್ತಿದ್ದ ಗಂಟೆ ತಾತ

ತಿಂಗಳ ಮೊದಲ ಭಾನುವಾರ ಅವರ ಎರಡೂ ಹೆಬ್ಬೆರಳುಗಳ ಉಗುರಿನ ಸಂದಿ ಕಂದುಬಣ್ಣಕ್ಕೆ ತಿರುಗಿರುತ್ತಿತ್ತು. ಎಷ್ಟು ತೊಳೆದರೂ ಹೋಗದ ಒಣದ್ರಾಕ್ಷಿಯ ಕಲೆ ಅದು. ರಾಜಾಜಿನಗರದ ನಮ್ಮ ಪುಟ್ಟ ಚರ್ಚಿನಲ್ಲಿ ಗಂಟೆ ಹೊಡೆಯುವುದು, ಕಸ ಗುಡಿಸುವುದು, ತಿಂಗಳಿಗೊಮ್ಮೆ ಸಭೆಯವರೆಲ್ಲ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಸಿದ್ಧಮಾಡುವುದು ಎಲ್ಲ ಅವರದೇ. ನಾವು ಗಂಟೆ ತಾತ ಎನ್ನುತ್ತಿದ್ದೆವು. ಅಂಗಡಿಯ ವೈನ್ ಬೇಡವೆಂದು ಪಾದ್ರಿಗಳನ್ನು ಒಪ್ಪಿಸಿದ್ದವರೂ ಅವರೇ. ಶನಿವಾರ ಒಣದ್ರಾಕ್ಷಿ ನೆನೆಹಾಕಿ, ಹಿಂಡಿ, ಸೋಸಿ ಹೂಜಿಗೆ ತುಂಬಿಡುತ್ತಿದ್ದರು. ಇದು ನನಗೆ ತಿಳಿದದ್ದು ಆಮೇಲೆ.

ಒಂದು ಕಾಲದಲ್ಲಿ ಕುಡಿದು ಮೋರಿಯಲ್ಲಿ ಬಿದ್ದಿರುತ್ತಿದ್ದ ಮನುಷ್ಯ. "ನಾನು ಕುಡುಕ ಕಣಪ್ಪಾ, ಇವತ್ತು ಕುಡಿದಿಲ್ಲ ಅಷ್ಟೆ" ಎಂದು ಕೇಳದವರಿಗೂ ಹೇಳುತ್ತಿದ್ದರು. ಇಂಥದ್ದನ್ನು ಯಾರಾದರೂ ಡಂಗುರ ಹೊಡೆಯುತ್ತಾರೆಯೇ ಎಂದು ನನಗೆ ಮುಜುಗರ.

ನಾನೂ ಕುಡುಕನೇ. ಬಿನ್ನಿಪೇಟೆಯ ಗಿರಣಿಯಲ್ಲಿ ಮಗ್ಗದ ಕೆಲಸ. ಪಾಳಿ ಮುಗಿದರೆ ಕಾಲು ಸಾರಾಯಿ ಅಂಗಡಿಗೆ ತಿರುಗುತ್ತಿತ್ತು. ಮನೆಗೆ ಬಂದು ಹೆಂಡತಿಯ ಮೇಲೆ ಕೈ ಮಾಡುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ತಲೆ ತಗ್ಗುತ್ತದೆ. ಎಪ್ಪತ್ತರ ದಶಕದ ನಡುವೆ ಒಂದು ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಯೇಸು ನನ್ನನ್ನು ಬಿಡಿಸಿದ್ದಾನೆ, ಇನ್ನು ಮುಟ್ಟುವುದಿಲ್ಲ ಎಂದು ಸಾಕ್ಷಿ ಹೇಳಿದೆ. ಜನ ದೇವರಿಗೆ ಸ್ತೋತ್ರ ಎಂದರು. ನಾನು ಮೀಸೆ ತಿರುವಿದೆ.

ಮೂರೇ ವಾರ. ಅಂದು ಕರ್ತನ ಭೋಜನ. ಆರಾಧನೆಗೆ ಮೊದಲು ಪಕ್ಕದ ಕೋಣೆಯಲ್ಲಿ ಹೂಜಿ ಕಂಡಿತು. ವೈನೇ ಎಂದುಕೊಂಡು, ಬಾಗಿಲು ಮುಂದೆ ಮಾಡಿ ಗಟಗಟನೆ ಕುಡಿದೆ. ಬರೀ ಸಿಹಿ. ತಳ ಕಂಡರೂ ಅಮಲಿಲ್ಲ. ತಿರುಗಿದರೆ ತಾತ ನಿಂತಿದ್ದರು.

ಬಯ್ಯಲಿಲ್ಲ. ಸೀಮೆಎಣ್ಣೆ ಸ್ಟೌ ಹೊತ್ತಿಸಿ, ಬಿಸಿನೀರಿಗೆ ಉಳಿದ ದ್ರಾಕ್ಷಿ ಸುರಿದು, "ಕೈ ತೊಳ್ಕೊಂಡು ಬಾ. ಹಿಂಡು" ಎಂದರು. ಅಷ್ಟರಲ್ಲಿ ಪಾದ್ರಿಗಳು ಸಭೆಯ ಹಿರಿಯರೊಬ್ಬರ ಜೊತೆ ಬಂದರು. "ರಸ ಇನ್ನೂ ಆಗಿಲ್ವಾ?"

"ನಿನ್ನೆ ಮಾಡೋದು ಮರ್ತೋಯ್ತು, ಅಯ್ನೋರೆ" ಎಂದರು ತಾತ.

"ಮರೆತ್ರಾ, ಇಲ್ಲ ನಿನ್ನೆ ಮತ್ತೆ ಹಳೇ ದಾರಿ ಹಿಡಿದ್ರಾ?" ಎಂದರು ಹಿರಿಯರು. ತಾತ ತಲೆ ತಗ್ಗಿಸಿದರು. ನಾನು ದ್ರಾಕ್ಷಿ ಹಿಂಡುತ್ತಲೇ ಇದ್ದೆ. ಬಾಯಿ ಬಿಡಲಿಲ್ಲ.

ಅವರು ಹೋದಮೇಲೆ, "ನೀವ್ಯಾಕೆ ಹೊತ್ಕೊಂಡ್ರಿ ತಾತ?" ಎಂದೆ.

"ನಿಂದು ಮೂರು ವಾರ. ನಂದು ಹನ್ನೊಂದು ವರ್ಷ. ನಂದು ತಡ್ಕೊಳ್ಳತ್ತೆ ಕಣೋ."

"ನಂಗೆ ಯೋಗ್ಯತೆ ಇಲ್ಲ. ಇವತ್ತು ಭೋಜನದ ಪಾತ್ರೆ ಮುಟ್ಟಲ್ಲ."

"ಯೋಗ್ಯತೆ ಇರೋರಿಗೆ ಯೇಸು ಯಾಕೋ ಬೇಕು? ನೀನು ಕುಡುಕ ಅಂತ ಸ್ವಾಮಿಗೆ ಗೊತ್ತು. ನೀನು ಒಪ್ಕೊಳ್ಳಲಿ ಅಂತ ಕಾಯ್ತಾ ಇದಾನೆ."

ಅಂದಿನಿಂದ ಮುಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೆರಡು ಸಲ ಕುಡಿದೆ. ಎರಡು ಸಲವೂ ತಾತನ ಹತ್ತಿರವೇ ಹೋದೆ. ಅವರು ಮೊದಲು ಕೇಳಿದ್ದು, "ತಿಂಡಿ ಆಯ್ತಾ?" ಅತ್ತ ಆ ಹಿರಿಯರು ಪ್ರತಿ ಭಾನುವಾರ ತಾತನ ಬಾಯಿ ಮೂಸುವಷ್ಟು ಹತ್ತಿರ ನಿಂತು ಮಾತಾಡಿಸುತ್ತಿದ್ದರು. ನಾನು ನೋಡುತ್ತಿದ್ದೆ. ಮುಂದಿನ ವಾರ ನಿಜ ಹೇಳೋಣ ಎನ್ನುತ್ತಲೇ ಎರಡು ವರ್ಷ ಕಳೆದೆ.

ತಾತ ಜ್ವರ ಬಂದು ತೀರಿಕೊಂಡರು. ಮಣ್ಣು ಮಾಡುವಾಗ ಅದೇ ಹಿರಿಯರು, "ನಡುವೆ ಒಮ್ಮೆ ಜಾರಿದರೂ ದೇವರು ಇವರನ್ನು ಕೈಬಿಡಲಿಲ್ಲ" ಎಂದು ಹೊಗಳಿದರು. ನನಗೆ ತಡೆಯಲಾಗಲಿಲ್ಲ.

"ಇವ್ರು ಜಾರಲಿಲ್ಲ. ಆವತ್ತು ಹೂಜಿ ಖಾಲಿ ಮಾಡಿದ್ದು ನಾನು. ನಾನು ಕುಡುಕ" ಎಂದೆ.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿರಿಯರ ಹಿಡಿಯಲ್ಲಿದ್ದ ಮಣ್ಣು ಹಿಡಿಯಲ್ಲೇ ಉಳಿಯಿತು.

ಆಮೇಲೆ ನಾನು ಕುಡಿದಿಲ್ಲ. ಅಂದು ಸಿಕ್ಕಿದ ನೆಮ್ಮದಿ ಇಂದಿಗೂ ಇದೆ. ಅದರ ಜೊತೆಗೆ ನಾಚಿಕೆಯೂ ಇದೆ. ಎರಡು ವರ್ಷ ಅವರ ಪಕ್ಕದಲ್ಲೇ ಕೂತಿದ್ದ ನಾನು, ಅವರು ಪೆಟ್ಟಿಗೆಯೊಳಗೆ ಮಲಗಿದ ಮೇಲೆ ಬಾಯಿ ಬಿಟ್ಟೆ.