ಉದ್ದ ನಂಬರಿನ ತುಂಡು ಹೊಲ

ಅಕ್ಕಿಆಲೂರಿನ ರೈತರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸಮತಾಗೆ ಅಚ್ಚುಕಟ್ಟುತನದ ಹುಚ್ಚು. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚವನ್ನು ಬೆರಳಿನಿಂದ ಸಮ ಮಾಡುವವಳು. ಭತ್ತ ಕೊಯ್ಯುವ ಮಷೀನು ಯಾರ ಹೊಲಕ್ಕೆ ಯಾವತ್ತು ಹೋಗಬೇಕೆಂಬ ಪಾಳಿಯನ್ನು ಈ ಸಲ ಕಂಪ್ಯೂಟರಿಗೆ ಏರಿಸಿದವಳೂ ಅವಳೇ. ಹೊಲದ ಗುರುತಿಗೆ ಸರ್ವೆ ನಂಬರು. ಅದಕ್ಕೆ ಎಷ್ಟು ಅಕ್ಷರದ ಜಾಗ ಬೇಕು? ಅಪ್ಪನ ಹೊಲದ ಪಹಣಿ ಉತಾರ ನೋಡಿದಳು: 118/2. ಗೆರೆ ಸೇರಿ ಐದೇ. ಎಂಟು ಇಟ್ಟರೆ ಧಾರಾಳವಾಯಿತು ಎಂದು ಅಷ್ಟಕ್ಕೇ ಮಿತಿ ಹಾಕಿ, ಸಿಕ್ಕವರ ಮುಂದೆಲ್ಲ ಜಂಬ ಕೊಚ್ಚಿಕೊಂಡಳು.

ಕೊಯ್ಲಿನ ನಡುವೆ ಒಂದು ಬೆಳಿಗ್ಗೆ ಮುದುಕಿ ಶಾರವ್ವ ಬಂದು ಸಂಘದ ಬಾಗಿಲಲ್ಲೇ ಕುಳಿತುಬಿಟ್ಟಳು. ಅವಳದು ಅರ್ಧ ಎಕರೆ; ಮನೆಯ ವರ್ಷದ ಅನ್ನವೇ ಅದು. ಭತ್ತ ಬಲಿತು ಉದುರುತ್ತಿದೆ, ಮೋಡ ಕಟ್ಟಿದೆ. ಮಷೀನು ಮಾತ್ರ ಪಕ್ಕದ ಮೈದುನನ ಹೊಲ ಕೊಯ್ದು ಅವಳದನ್ನು ಬಿಟ್ಟು ಹೋಗಿದೆ, ಸಂಜೆಗೆ ಶಿಗ್ಗಾವಿ ಕಡೆ ಹೊರಡುತ್ತದೆ. ಡ್ರೈವರ್ ನಿಯಾಜನನ್ನು ಕೇಳಿದರೆ, ಪಟ್ಟಿಯಲ್ಲಿ ನಿನ್ನ ಹೊಲ ಕೊಯ್ದಾಗಿದೆ ಎನ್ನುತ್ತಾನಂತೆ.

ಸಮತಾ ಮೊದಲು ನಿಯಾಜನನ್ನೇ ಬೈದುಕೊಂಡಳು. ಆಮೇಲೆ ಶಾರವ್ವ ಸೆರಗಿನ ಗಂಟಿನಿಂದ ತೆಗೆದ ಉತಾರ ನೋಡಿ ನಂಬರು ಒತ್ತಿದಳು: 64/1ಅ/2/1ಬ. ಕಂಪ್ಯೂಟರ್ ತಕರಾರಿಲ್ಲದೆ ನುಂಗಿತು. ತಿರುಗಿ ತೆರೆದರೆ ಕೊನೆಯ ಎರಡು ಅಕ್ಷರ ನಾಪತ್ತೆ. ಮೈದುನನ 64/1ಅ/2/1ಅ ಕೂಡ ಹಾಗೆಯೇ ಬಾಲ ಕಳೆದುಕೊಂಡಿತ್ತು. ಕಂಪ್ಯೂಟರಿನ ಕಣ್ಣಿಗೆ ಎರಡೂ ಒಂದೇ ಹೊಲ. ಒಂದನ್ನು ಕೊಯ್ದರೆ ಮುಗಿಯಿತು.

ಮಿತಿಯನ್ನು ನಲವತ್ತಕ್ಕೆ ಏರಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಆದರೆ ಉದುರಿಹೋದ ಅಕ್ಷರಗಳು ತಾವಾಗಿ ಬರುತ್ತವೆಯೇ? ನಿಯಾಜನಿಗೆ ಫೋನು ಮಾಡಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡು, ಇನ್ನೊಂದು ದಿನ ನಿಲ್ಲಲು ಕಾಡಿಬೇಡಿದಳು. ಅವನು ಗೊಣಗುತ್ತಲೇ ಮೊದಲು ಶಾರವ್ವನ ಹೊಲಕ್ಕೆ ಮಷೀನು ತಿರುಗಿಸಿದ. ಇತ್ತ ಕಾರ್ಯದರ್ಶಿ ಉಳವಪ್ಪ ಮಷೀನಿಗಾಗಿ ರೈತರು ಕೊಟ್ಟಿದ್ದ ಅರ್ಜಿಗಳ ನಂಬರನ್ನು ಒಂದೊಂದಾಗಿ ಓದಿದರು, ಅವಳು ತಿದ್ದಿದಳು. ಪಾಳಿ ತಪ್ಪಿದ್ದ ಹೊಲಗಳು ಹನ್ನೊಂದು. ಒಂದೂ ಅರ್ಧ ಎಕರೆ ದಾಟಿರಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗಲೆಲ್ಲ ಹೊಲ ತುಂಡಾಗುತ್ತದೆ, ನಂಬರಿಗೆ ಮತ್ತೊಂದು ಗೆರೆ ಬೀಳುತ್ತದೆ. ಜಾಗ ಉಳಿಸಲು ಹೋಗಿ ತುಂಡು ಹೊಲದವರನ್ನೇ ಹೊರಗಿಟ್ಟೆನಲ್ಲ ಎಂದು ಸಮತಾಗೆ ನಾಚಿಕೆಯಾಯಿತು.

ಮಳೆ ಬರುವುದರೊಳಗೆ ಹನ್ನೊಂದು ಹೊಲದ ಭತ್ತವೂ ಮನೆ ಸೇರಿತು. ಮರುದಿನ ಶಾರವ್ವ ಒಂದು ಡಬ್ಬಿ ಅವಲಕ್ಕಿ ತಂದಳು. ಇನ್ನು ನಿಮ್ಮ ನಂಬರು ತುಂಡಾಗುವುದಿಲ್ಲ, ನಲವತ್ತು ಅಕ್ಷರದ ಜಾಗ ಇಟ್ಟಿದ್ದೇನೆ ಎಂದು ಸಮತಾ ಹೇಳಿದಾಗ ಮುದುಕಿ ಬೆರಳು ಮಡಚಿ ಏನೋ ಎಣಿಸಿದಳು.

"ನನಗ ಇಬ್ರು ಗಂಡಮಕ್ಕಳು, ಒಬ್ಬಾಕಿ ಮಗಳು. ನಾಳೆ ಅವರೂ ಪಾಲು ಮಾಡ್ಕೋತಾರ. ಅವರ ಸಲುವಾಗಿನೂ ಈಗ್ಲೇ ಜಾಗ ಬಿಟ್ಟಿಡವ್ವ."

ನಲವತ್ತು ಸಾಕೆಂದು ಗೊತ್ತಿದ್ದರೂ ಸಮತಾ ಅವಳ ಎದುರಿಗೇ ಅದನ್ನು ಐವತ್ತು ಮಾಡಿದಳು.